ಕಾಟಾದ ತೂಕ ತಂತಿಯಲ್ಲಿ ಬರಲಿ

ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾಟಾ ಹತ್ತಿದಾಗ ರೈತನ ಕಣ್ಣು ಇಂಡಿಕೇಟರ್‌ನ ಕೆಂಪು ಅಂಕಿಗಳ ಮೇಲೆ ಇರ್ತದೆ. ಆದರೆ ದುಡ್ಡು ಸಿಗೋದು ಕಂಪ್ಯೂಟರ್ ಚೀಟಿಯಲ್ಲಿ ಬಂದ ತೂಕಕ್ಕೆ. ಇವೆರಡರ ನಡುವೆ ಇರೋದು ಒಂದು ಸೀರಿಯಲ್ ಕೇಬಲ್. ಅದು ಕೆಟ್ಟರೆ ಆಪರೇಟರ್ ಅಂಕಿ ನೋಡಿ ಕೈಯಿಂದ ಟೈಪ್ ಮಾಡ್ತಾನೆ. 18,640 ಕೆ.ಜಿ. ಅನ್ನೋದು ಅವಸರದಲ್ಲಿ 18,460 ಆದರೆ 180 ಕೆ.ಜಿ. ಕಬ್ಬು ಹೋಯ್ತು! ತಪ್ಪೋ ಮೋಸವೋ ಅಂತ ಜಗಳ ಬೇರೆ. ನಮ್ಮ ಚಿಟಗುಪ್ಪ, ಹುಮನಾಬಾದ್ ಕಡೆಯವರಿಗೆ ಇದು ಸಣ್ಣ ಮಾತಲ್ಲ.

1960ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆರ್‌ಎಸ್-232 ಪದ್ಧತಿಯನ್ನು ಕಾಟಾಗಳು ಇಂದಿಗೂ ಬಳಸುತ್ತವೆ. ಸಾಮಾನ್ಯವಾಗಿ ಮೂರೇ ತಂತಿ ಸಾಕು. ಕಂಪ್ಯೂಟರಿನ ಒಂಬತ್ತು ಪಿನ್ನಿನ ಪೋರ್ಟಿನಲ್ಲಿ 2 ಪಡೆಯೋದು, 3 ಕಳಿಸೋದು, 5 ಗ್ರೌಂಡ್. ಇಂಡಿಕೇಟರ್ ಕಳಿಸುವ ತಂತಿ ಕಂಪ್ಯೂಟರಿನ 2ಕ್ಕೆ ಬರಬೇಕು. ಇಂಡಿಕೇಟರ್‌ನ ಪಿನ್ ಯಾವುದು ಅಂತ ಅದರ ಕೈಪಿಡಿಯಲ್ಲೇ ನೋಡಬೇಕು.

ಬೆಸುಗೆ ಹಾಕಲು ಬಾರದವರಿಗೆ ಅಡಾಪ್ಟರ್ ಒಳ್ಳೇದು. ಅದರ ಒಂದು ಕಡೆ ಒಂಬತ್ತು ಪಿನ್, ಇನ್ನೊಂದು ಕಡೆ ಇಂಟರ್ನೆಟ್ ಕೇಬಲ್ ಕೂರುವ ಆರ್‌ಜೆ-45 ಜಾಕ್. ಒಳಗಿನ ಬಣ್ಣದ ತಂತಿಗಳ ಪಿನ್ನನ್ನು ಬೇಕಾದ ತೂತಿಗೆ ನಾವೇ ಒತ್ತಬೇಕು. ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗ್ತದೆ. ಮಲ್ಟಿಮೀಟರ್ ಬೀಪ್ ಕೇಳಿಯೇ ಒತ್ತಿ, ಒಮ್ಮೆ ಕೂತ ಪಿನ್ ಸುಲಭಕ್ಕೆ ಹೊರಗೆ ಬರಲ್ಲ.

ಎರಡೂ ತುದಿಗೆ ಅಡಾಪ್ಟರ್ ಹಾಕಿದರೆ ನಡುವೆ ಮಾಮೂಲಿ ಕೇಬಲ್ ಸಾಕು. ಇಲಿ ಕಡಿದರೂ, ಟ್ರಾಲಿ ಹಾದು ತುಂಡಾದರೂ, ಊರಿನ ಕೇಬಲ್ ಹುಡುಗ ಹತ್ತು ನಿಮಿಷದಲ್ಲಿ ಹೊಸ ತುದಿ ಹೊಡೆದು ಕೊಡ್ತಾನೆ.

ಮೂರು ಎಚ್ಚರಿಕೆ. ಈ ಕೇಬಲನ್ನು ರೌಟರಿಗೆ ಚುಚ್ಚಬೇಡಿ. ಜಾಕ್ ಒಂದೇ ಥರ ಕಂಡರೂ ಇಲ್ಲಿನ ವೋಲ್ಟೇಜ್ ಬೇರೆ, ಪೋರ್ಟ್ ಸುಡಬಹುದು. ಉದ್ದ 15 ಮೀಟರ್ ಒಳಗಿದ್ದರೆ ಕ್ಷೇಮ. ಯಾವ ಪಿನ್ ಎಲ್ಲಿಗೆ ಅಂತ ಬರೆದ ಚೀಟಿಯನ್ನು ಅಡಾಪ್ಟರಿಗೇ ಅಂಟಿಸಿ, ನಾಳೆ ರಿಪೇರಿಗೆ ಬರುವವನು ಮೊದಲಿಂದ ಹುಡುಕೋದು ತಪ್ಪುತ್ತೆ.

ಕಾಟಾದಲ್ಲೇ ದೋಷವಿದ್ದರೆ ಕೇಬಲ್ ಏನೂ ಮಾಡಲಾರದು. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯಾ ನೋಡಬೇಕು. ಆದರೆ ಕಾಟಾ ಸರಿ ತೋರಿಸಿದ್ದು ಚೀಟಿಗೂ ಸರಿಯಾಗಿ ಬರಬೇಕಲ್ಲ? ಈ ಸಲ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಾಗ ಒಂದೇ ಮಾತು ಕೇಳಿ ನೋಡ್ರಿ: “ಅಣ್ಣಾ, ತೂಕ ತಾನಾಗೇ ಬರ್ತದೋ, ನೀವು ಹೊಡೀತೀರೋ?”