ಮೊದಲು ಕೈ ಪಳಗಲಿ

"ಮಕ್ಕಳಿಗೆ ಚಿತ್ರ ಕಲಿಸಲು ಹೋಗಬೇಡಿ, ಬಣ್ಣ ಕೊಟ್ಟು ಸುಮ್ಮನೆ ಬಿಟ್ಟುಬಿಡಿ, ತಂತ್ರ ಹೇಳಿಕೊಟ್ಟರೆ ಕಲ್ಪನೆ ಸಾಯುತ್ತದೆ." ಬೇಸಿಗೆ ಶಿಬಿರಗಳ ಉದ್ಘಾಟನೆಯಲ್ಲಿ ಈ ಮಾತಿಗೆ ಚಪ್ಪಾಳೆ ಗ್ಯಾರಂಟಿ. ಸರಳೆ ವರಸೆ ಹಾಡಿಸಿದ್ದರಿಂದ ಮಗುವಿನ ಮನೋಧರ್ಮ ಕೆಟ್ಟಿತೆಂದು ಸಂಗೀತದ ಮೇಷ್ಟರಿಗೆ ಯಾರೂ ಹೇಳುವುದಿಲ್ಲ. ಚಿತ್ರಕ್ಕೆ ಮಾತ್ರ ಯಾಕಪ್ಪ ಈ ವಿನಾಯಿತಿ? ಕೈ ಪಳಗದೆ ಕಲ್ಪನೆಗೆ ದಾರಿಯೇ ಇಲ್ಲ ಎಂಬುದು ನನ್ನ ವಾದ.

ಫ್ಲೆಕ್ಸ್ ಬರುವ ಮುಂಚೆ ದಾವಣಗೆರೆಯ ಮಂಡಿಪೇಟೆಯಂಥ ಪೇಟೆಗಳ ಬೋರ್ಡುಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. ಸುಣ್ಣದ ದಾರ ಎಳೆದು ಮೀಟಿದರೆ ಗೆರೆ ಬೀಳುತ್ತಿತ್ತು; ಎಡಗೈಯ ಕೋಲಿನ ಮೇಲೆ ಬಲಗೈ ಊರಿ ಬ್ರಷ್ ಎಳೆಯುತ್ತಿದ್ದರು. ‘ವೀರಭದ್ರೇಶ್ವರ’ ಎಂದು ಬರೆಯಬೇಕು ಅನ್ನಿ. ದೀರ್ಘಗಳು ಅಡ್ಡಕ್ಕೆ ಜಾಗ ನುಂಗುತ್ತವೆ, ಒತ್ತುಗಳು ಕೆಳಗಿಳಿದು ‘ದಲಾಲಿ ಮಂಡಿ’ ಎಂಬ ಎರಡನೇ ಸಾಲಿನ ತಲೆಗೆ ತಾಗುತ್ತವೆ. ಪಳಗಿದವನು ಒತ್ತಿನ ಬಾಲವನ್ನು ಬಳುಕಿಸಿ ಕೆಳಗಿನ ಎರಡು ಪದಗಳ ನಡುವೆ ಇಳಿಬಿಡುತ್ತಿದ್ದ. ಬೋರ್ಡಿಗೆ ಕಳೆ ಬರುತ್ತಿದ್ದುದೇ ಆ ಬಳುಕಿನಿಂದ. ಬ್ರಷ್ ಹಿಡಿತಕ್ಕೆ ಸಿಗದವನಿಗೆ ಅಂಥ ಉಪಾಯ ಹೊಳೆಯುವುದಾದರೂ ಹೇಗೆ?

ಎದುರು ವಾದದಲ್ಲಿ ಹುರುಳಿಲ್ಲವೆಂದಲ್ಲ. ನಮ್ಮ ಡ್ರಾಯಿಂಗ್ ಪೀರಿಯಡ್ಡುಗಳು ತಂತ್ರದ ಹೆಸರಲ್ಲಿ ಕಲಿಸಿದ್ದು ನಕಲು: ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನಮರ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಅದನ್ನೇ ಬರೆಯಿತು. ಇಂಥ ತಾಲೀಮು ಕಣ್ಣು ಮುಚ್ಚಿಸುತ್ತದೆ, ಒಪ್ಪಿದೆ. ಆದರೆ ಅದಕ್ಕೆ ಮದ್ದು ತಾಲೀಮು ಬಿಡುವುದಲ್ಲ. ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದವರು. ಲಯ ತಿಳಿಯಲೆಂದು ಆಮೇಲೆ ಕಥಕ್ ಕೂಡ ಕಲಿತರು. ಅವರ ರೇಖಾಚಿತ್ರಗಳಲ್ಲಿ ನಾಲ್ಕಾರು ಗೆರೆಗೆ ಇಡೀ ನರ್ತಕಿ ಎದ್ದು ನಿಲ್ಲುತ್ತಾಳೆ.

‘ಕಲೆ ದೈವದತ್ತ’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಪುರುಸೊತ್ತೂ ಇಲ್ಲ.

ನಕಲಲ್ಲದ, ನೋಡಿ ಬರೆಯುವ ತಾಲೀಮಿಗೆ ದೂರ ಹೋಗಬೇಕಿಲ್ಲ. ದಾವಣಗೆರೆಯಲ್ಲಿ 1964ರಿಂದಲೂ ಕಲಾಶಾಲೆಯಿದೆ. ಅಲ್ಲಿನ ಹುಡುಗರು ಶಾಲಾಮಕ್ಕಳನ್ನು ಪಕ್ಕದ ಹರಿಹರಕ್ಕೆ ಕರೆದೊಯ್ದು, 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಕಂಬದ ಮುಂದೆ ಕೂರಿಸಬಾರದೇಕೆ? ಕಂಬದ ಸುತ್ತಿನ ಬಳೆಗಳಲ್ಲಿ ಕಣ್ಣಿನ ಮಟ್ಟದ್ದು ನೆಟ್ಟಗಿನ ಗೆರೆಯಾಗಿ ಕಾಣುತ್ತದೆ, ಮೇಲಿನದು ಕಮಾನಿನಂತೆ ಏಳುತ್ತದೆ, ಕೆಳಗಿನದು ಜೋಲುತ್ತದೆ. ಇಷ್ಟನ್ನು ತಾನೇ ನೋಡಿ ಬರೆಯಲು ಮಗುವಿಗೆ ನಾಲ್ಕು ಭಾನುವಾರ ಬೇಕಾದೀತು. ಆಮೇಲೆ ಅದು ಕಂಬವನ್ನು ಬಗ್ಗಿಸಲಿ, ಕುಣಿಸಲಿ, ನಾನು ಅಡ್ಡ ಬರುವುದಿಲ್ಲ.