ಕಷ್ಟಕಾಲವೂ ದೇವರ ಆವೂ

ಪರೀಕ್ಷೆಗಳು ಸಮೀಪಿಸಿದಂತೆಲ್ಲ ದೇವಸ್ಥಾನಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುವುದನ್ನು ಎಲ್ಲರೂ ಬಲ್ಲರು. ಗಣಿತದಲ್ಲಿ ತೇರ್ಗಡೆಯಾದರೆ ಐದು ತೆಂಗಿನಕಾಯಿ, ಪ್ರಥಮ ದರ್ಜೆ ಬಂದರೆ ಹತ್ತು! ಪೋಷಕರೂ ಇದಕ್ಕೆ ಹೊರತಲ್ಲ. ಮಳೆ ಬಂದರೆ ಒಂದು ಹರಕೆ, ಸಾಲ ತೀರಿದರೆ ಇನ್ನೊಂದು. ಹರಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಬೇಡಿದ್ದು ದೊರೆಯದೆ ಹೋದಾಗ ಈ ಭಕ್ತಿಯ ಗತಿಯೇನು? ಕಷ್ಟದಲ್ಲಿ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಶ್ರದ್ಧೆ ಬೇರೊಂದು ಬಗೆಯದೆಂದು ನಾವು ಭಾವಿಸುತ್ತೇವೆ. ಅದಕ್ಕೆ ನಿದರ್ಶನ ಕನ್ನಡ ಮಾತನಾಡುವ ಜನರಲ್ಲಿಯೇ ಇದೆ, ಅದೂ ಕರ್ನಾಟಕದಿಂದ ಬಹು ದೂರದಲ್ಲಿ.

ತಮಿಳುನಾಡಿನ ದಿಂಡಿಗಲ್ಲಿನಿಂದ ನೈಋತ್ಯಕ್ಕೆ ಸಾಗಿದರೆ ತೇನಿ ಸಿಗುತ್ತದೆ. ಅದರಾಚೆಗೆ, ಒಂದು ಕಡೆ ಕೇರಳದ ಏಲಕ್ಕಿ ಬೆಟ್ಟಗಳೂ ಇನ್ನೊಂದು ಕಡೆ ಮೇಘಮಲೆಯೂ ಕಾವಲು ನಿಂತಿರುವ ಕಂಬಂ ಕಣಿವೆ. ಭತ್ತ, ಬಾಳೆ, ತೆಂಗು, ದ್ರಾಕ್ಷಿ ಬೆಳೆಯುವ ಸೀಮೆ. ಇಲ್ಲಿ ಕಾಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲಿಗರಿದ್ದಾರೆ. ಪೂರ್ವಕಾಲದಲ್ಲಿ ಅರಸರ ಉಪಟಳ ತಾಳಲಾರದೆ ತುಂಗಭದ್ರೆಯ ತೀರವನ್ನು ಬಿಟ್ಟು ಬಂದೆವೆಂಬುದು ಅವರ ಐತಿಹ್ಯ. ಶಾಲೆಯಲ್ಲಿ ಕಲಿಯುವುದು ತಮಿಳು ಅಕ್ಷರ, ಮನೆಯಲ್ಲಿ ಆಡುತ್ತ ಬಂದದ್ದು ಕನ್ನಡ.

ಕಂಬಂ ಪಟ್ಟಣದಲ್ಲಿ ಈ ಜನರದೊಂದು ದನದ ದೊಡ್ಡಿಯಿದೆ. ನಂದಗೋಪಾಲಸ್ವಾಮಿಗೆ ಮೀಸಲಾದುದು. ತಮಿಳಿನಲ್ಲಿ ಅದರ ಹೆಸರು ತಂಬಿರಾನ್ ಮಾಟ್ಟುತ್ ತೊಳು. 1906ರಲ್ಲಿ ಅಚ್ಚಾದ ಮಧುರೆ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ ಈ ಹಿಂಡಿನ ವರ್ಣನೆ ದೊರೆಯುತ್ತದೆ. ಆ ಜನ ಈ ದನಗಳನ್ನು ಕನ್ನಡದಲ್ಲಿ 'ದೇವರ ಆವು' ಎನ್ನುತ್ತಿದ್ದರಂತೆ. ಆವು ಎಂಬ ಹಳೆಯ ಮಾತನ್ನು ನಾವು ಈಗ ಪಠ್ಯಪುಸ್ತಕದ ಪದ್ಯಗಳಲ್ಲಿ ಮಾತ್ರ ಕಾಣುತ್ತೇವೆ! ಈ ಹಸುಗಳ ಹಾಲನ್ನು ಯಾರೂ ಕರೆಯುತ್ತಿರಲಿಲ್ಲ. ಸತ್ತರೆ ಚರ್ಮವನ್ನೂ ತೆಗೆಯದೆ ಹೂಳುತ್ತಿದ್ದರು. ಹಿಂಡಿಗೊಬ್ಬ ರಾಜ, 'ಪಟ್ಟದ ಆವು.' ಆ ಹೋರಿ ತೀರಿಕೊಂಡರೆ ಹೊಸದನ್ನು ಆರಿಸುವ ಅಧಿಕಾರ ಯಾವ ಯಜಮಾನನಿಗೂ ಇರಲಿಲ್ಲ. ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನಿಟ್ಟು ಕಾಯುವರು. ಮೊದಲು ಬಾಯಿ ಹಾಕಿದ ಹೋರಿಗೇ ಪಟ್ಟ.

ಲೆಕ್ಕ ಬಲ್ಲವರು ನಗಬಹುದು. ಹಾಲಿಲ್ಲ, ಮಾರಾಟವಿಲ್ಲ, ಮೇವಿನ ಖರ್ಚು ಮಾತ್ರ ಉಂಟು. ರೈತನ ಮನೆಗೆ ಕಷ್ಟ ಬಂದಾಗ ಮೊದಲು ಸಂತೆಗೆ ಹೋಗುವುದು ದನ ಎಂಬುದನ್ನು ನಮ್ಮ ಪೋಷಕರಿಗೆ ಹೇಳಬೇಕಾಗಿಲ್ಲ. ಅಂಥ ವರ್ಷದಲ್ಲಿಯೂ ಮಾರಬಾರದ ಒಂದು ಹಿಂಡು ಊರ ನಡುವೆ ಇರುವುದೆಂದರೇನು? ತನ್ನ ಜೋಡೆತ್ತನ್ನು ಕಳೆದುಕೊಂಡ ಮನೆಗೂ ಅದರಲ್ಲಿ ಪಾಲಿದೆ. ನಾಳೆ ಬೆಳಿಗ್ಗೆ ಎದ್ದು ಮೇವು ಹಾಕುವ ಕೆಲಸ ಇದ್ದೇ ಇದೆ. ದುಃಖದಲ್ಲಿರುವವನಿಗೆ ಇಷ್ಟು ಆಧಾರ ಸಣ್ಣದೇನಲ್ಲ. ಪ್ರತಿಫಲ ಕೇಳದ ಸೇವೆಯಾದುದರಿಂದಲೇ ಬರದಿಂದ ಈ ಶ್ರದ್ಧೆಗೆ ಭಂಗ ಬರುವ ಭಯವಿಲ್ಲ.

ಹಾಗೆಂದು ಈ ಕಣಿವೆಯವರು ದೇವರ ಮೇಲೆ ಭಾರ ಹಾಕಿ ಕೈಕಟ್ಟಿ ಕುಳಿತವರಲ್ಲ. 1876–78ರ ಮಹಾಕ್ಷಾಮ ಮದರಾಸು ಪ್ರಾಂತವನ್ನೂ ಮೈಸೂರನ್ನೂ ಒಟ್ಟಿಗೆ ಸುಟ್ಟಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿಯಿತು. ಅನಂತರ, ತಿರುವಾಂಕೂರಿನೊಡನೆ 1886ರಲ್ಲಿ ಒಪ್ಪಂದವಾಗಿ, ಪೆನ್ನಿಕುಯಿಕ್ ಎಂಬ ಎಂಜಿನಿಯರರ ನೇತೃತ್ವದಲ್ಲಿ 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಯಿತು. ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಬೆಟ್ಟದೊಳಗಿನ ಸುರಂಗದಿಂದ ಪೂರ್ವಕ್ಕೆ ತಿರುಗಿ ಈ ಕಣಿವೆಗಿಳಿಯಿತು. ಮಂಡ್ಯದ ರೈತರು ವಿಶ್ವೇಶ್ವರಯ್ಯನವರ ಪಟವನ್ನಿಟ್ಟುಕೊಂಡಂತೆ ಇಲ್ಲಿಯವರು ಪೆನ್ನಿಕುಯಿಕರ ಪಟವನ್ನಿಟ್ಟು, ಅವರು ಹುಟ್ಟಿದ ಜನವರಿ 15ರಂದು ಪೊಂಗಲ್ ಬೇಯಿಸುತ್ತಾರೆ. ದೇವರನ್ನು ನಂಬಿದವರಿಗೆ ಎಂಜಿನಿಯರನ್ನು ನೆನೆಯುವುದು ಕಷ್ಟವಾಗಲಿಲ್ಲ. ಈ ಔದಾರ್ಯ ನಮಗೆ ಬಹಳ ಹಿಡಿಸಿತು.

ಕಷ್ಟಗಳು ಮುಗಿದಿಲ್ಲ. 2016ರಲ್ಲಿ ಹಿಂಗಾರು ಕೈಕೊಟ್ಟು ತಮಿಳುನಾಡೆಲ್ಲ ಒಣಗಿತು. 2021ರಲ್ಲಿ ಮೇಘಮಲೆಯ ಕಾಡು ಹುಲಿ ರಕ್ಷಿತಾರಣ್ಯವಾಯಿತು. ಮರುವರ್ಷ ಅಂಥ ಕಾಡುಗಳಲ್ಲಿ ದನ ಮೇಯಿಸಬಾರದೆಂದು ಮದರಾಸು ಹೈಕೋರ್ಟು ಆಜ್ಞೆ ಮಾಡಿತು. ಹುಲಿಗೂ ಕಾಡು ಬೇಕು, ಒಪ್ಪೋಣ. ಆದರೆ ತಲೆತಲಾಂತರದಿಂದ ಬೆಟ್ಟದಲ್ಲಿ ದನ ಮೇಯಿಸಿದವರು ಎಲ್ಲಿಗೆ ಹೋಗಬೇಕು? ಶ್ರದ್ಧೆಯೊಂದೇ ಹುಲ್ಲನ್ನು ತಂದುಕೊಡಲಾರದು. ಹಿಂಡು ಉಳಿಯಬೇಕಾದರೆ ಮೇವು ಬೆಳೆಯುವ ನೆಲವನ್ನೂ ಹೊಂದಿಸಬೇಕಾದೀತು, ಸರಕಾರವೂ ಕಿವಿಗೊಡಬೇಕಾದೀತು.

ಸಂಕ್ರಾಂತಿಯ ಮರುದಿನ ಅಲ್ಲಿ ದನಗಳ ಪೊಂಗಲ್. ಅಂದು ಕಂಬಮಿನ ದೊಡ್ಡಿಗೆ ಇಂದಿಗೂ ಜನ ತಂಡತಂಡವಾಗಿ ಬಂದು ಪಟ್ಟದ ಹೋರಿಗೆ ಕೈಮುಗಿಯುತ್ತಾರೆ. ಬರುವವರೆಲ್ಲರೂ ಕನ್ನಡದವರೇನಲ್ಲ.