ವೈಟ್‌ಫೀಲ್ಡ್ ಚರ್ಚಿಲ್ಲನದಲ್ಲ

ವೈಟ್‌ಫೀಲ್ಡಿನ ಹಳೆಯ ಮನೆಗಳ ಮಾತೆತ್ತಿದರೆ ಸಾಕು, ಚರ್ಚಿಲ್ ಬಂದುಬಿಡುತ್ತಾನೆ. ವೇವರ್ಲಿ ಇನ್‌ಗೆ ಕುದುರೆ ಏರಿ ಬರುತ್ತಿದ್ದನಂತೆ, ಅದರ ಒಡೆಯ ಹ್ಯಾಮಿಲ್ಟನ್ನರ ಮಗಳು ರೋಸ್‌ಗೆ ಮನಸೋತಿದ್ದನಂತೆ. ನಮ್ಮ ಸೋದರ ಪತ್ರಿಕೆಯೊಂದು ಈಚೆಗೆ ಇದೇ ಅಂತೆಕಂತೆಗೆ ನಾಲ್ಕು ಪುಟ ಕೊಟ್ಟಿತು. ಆ ನಾಲ್ಕು ಪುಟಗಳಲ್ಲಿ ಹೊಲ ಎಂಬ ಪದ ಒಮ್ಮೆಯೂ ಬರಲಿಲ್ಲ. 1896ರಲ್ಲಿ ದಂಡಿನ ಜೊತೆ ಬಂದ ಆ ತರುಣ ಅಧಿಕಾರಿ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದದ್ದಕ್ಕೆ ಕಡತದ ಸಾಕ್ಷಿಯಿದೆ. ಪ್ರೇಮದ ಕಥೆ ಬಾಯಿಂದ ಬಾಯಿಗೆ ಬಂದದ್ದು. ಅದು ನಿಜವೇ ಇರಲಿ, ಆ ಊರು ಕಟ್ಟಿದವರನ್ನು ಒಂದು ಸಂಜೆಯ ಅತಿಥಿಗಾಗಿ ಮರೆಯುವುದು ಅನ್ಯಾಯ.

1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂತು. ಮರುವರ್ಷವೇ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಉದ್ದೇಶ ಬೇಸಾಯ. ಮುಂದಾಳು ಡಿ. ಎಸ್. ವೈಟ್, ಊರಿನ ಹೆಸರು ಅವರದು. ಬಿಳಿಯರ ಬಯಲು ಎಂದು ಅರ್ಥ ಮಾಡಿಕೊಂಡವರು ಇಂದಿಗೂ ಸಿಗುತ್ತಾರೆ. ಬಿಳಿಯ ಅಪ್ಪನ ಕಡೆಯವರು ಹತ್ತಿರ ಸೇರಿಸದ, ಇಲ್ಲಿಯ ಅಮ್ಮನ ಕಡೆಯವರೂ ಒಳಗೆ ಕರೆಯದ ಜನ ಈ ಆಂಗ್ಲೋ-ಇಂಡಿಯನ್ನರು. ರೈಲ್ವೆಯಲ್ಲೋ ತಂತಿ ಕಚೇರಿಯಲ್ಲೋ ಸಿಕ್ಕ ಸಣ್ಣ ನೌಕರಿಯೇ ಗತಿಯಾಗಿತ್ತು. ಕಾಲೂರಲು ಸ್ವಂತ ಮಣ್ಣು ಬೇಕೆಂದು ವೈಟ್ ಹಟ ಹಿಡಿದರು. ಊರಿನ ನಕ್ಷೆಯಲ್ಲೇ ಆ ಆಸೆ ಕಾಣುತ್ತದೆ: ನಡುವೆ ಎಲ್ಲರಿಗೂ ಸೇರಿದ ಬಯಲು, ಅದರ ಸುತ್ತ ದುಂಡಗಿನ ರಸ್ತೆ, ರಸ್ತೆಗೆ ಮುಖಮಾಡಿ ಹಂಚಿನ ಮನೆಗಳು, ಆಚೆ ಹೊಲ. 1886ಕ್ಕೆ ಚರ್ಚೂ ಎದ್ದಿತು.

ಹೊಲ ಮಾತ್ರ ಕೈಹಿಡಿಯಲಿಲ್ಲ. ಹೊಸಕೋಟೆ ಕಡೆಯ ಆ ಕೆಂಪು ನೆಲ ರಾಗಿ, ಹುರುಳಿಯದು. ಮಳೆಯ ಹದ ಬಲ್ಲ ಒಕ್ಕಲಿಗನನ್ನೇ ಅದು ಸತಾಯಿಸುತ್ತದೆ. ಕಚೇರಿಯಲ್ಲಿ ಕೂತು ಬೆಳೆದವರನ್ನು ಬಿಟ್ಟೀತೆ? ಕ್ರಮೇಣ ಅದು ಪಿಂಚಣಿದಾರರ ತಣ್ಣನೆಯ ಊರಾಯಿತು. ಐವತ್ತು ವರ್ಷದ ಬಳಿಕ, 1933ರಲ್ಲಿ, ಇದೇ ಸಮುದಾಯ ಇದೇ ಕನಸನ್ನು ಈಗಿನ ಜಾರ್ಖಂಡಿನ ಮ್ಯಾಕ್ಲಸ್ಕಿಗಂಜ್‌ನಲ್ಲಿ ಮತ್ತೆ ಕಂಡಿತು. ಅಲ್ಲಿಯೂ ಮನೆಗಳು ಉಳಿದವು, ಜನ ಚದುರಿದರು. ಸೋತ ಬೇಸಾಯದ ಈ ಇತಿಹಾಸ ನನಗೆ ಯಾವ ಗವರ್ನರನ ಬಂಗಲೆಗಿಂತಲೂ ದೊಡ್ಡದು.

"ಪರಂಗಿಗಳ ಮನೆ ಬಿದ್ದರೆ ನಮಗೇನು ನಷ್ಟ?" ಎನ್ನುವ ಗೆಳೆಯರು ನಮ್ಮ ಕನ್ನಡದ ಬಳಗದಲ್ಲೇ ಇದ್ದಾರೆ. ಅವರೊಡನೆ ನನ್ನ ಜಗಳ ಹಳೆಯದು. ಕೊಟ್ಟ ದೊರೆ ನಮ್ಮವನು, ಕೊಟ್ಟ ನೆಲ ನಮ್ಮದು. ಪಕ್ಕದ ಕಾಡುಗೋಡಿಯ ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನು ಹೇಳುವ 1043ರ ಶಾಸನವಿದೆ. ಅದನ್ನು ನಮ್ಮದೆನ್ನುವವರು ಅದೇ ಸೀಮೆಯಲ್ಲಿ 1882ರಲ್ಲಿ ಬರೆದ ಪುಟವನ್ನು ಹರಿಯುವ ಹಾಗಿಲ್ಲ.

ಉಳಿಸುತ್ತೇವೆಂದು ಹೊರಟವರ ಕೆಲಸವೂ ಕಣ್ಣಿಗೆ ಚುಚ್ಚುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಬರಲಾರದೆ ಒಳಗೇ ನಿಂತು ಗೋಡೆಯನ್ನು ತಿನ್ನುತ್ತದೆ. ಅದಕ್ಕೆ ಬಣ್ಣ ಬಳಿದು, ಹೆರಿಟೇಜ್ ಎಂಬ ಫಲಕ ತೂಗುಹಾಕಿ ಕಾಫಿ ಮಾರಿದರೆ ಸಂರಕ್ಷಣೆ ಮುಗಿಯಿತೇ? ಹಿತ್ತಲು ಮಾರಾಟವಾಗಿ, ಬಾವಿ ಮುಚ್ಚಿದ ಮೇಲೆ ತೋಟದ ಮನೆಯಲ್ಲಿ ತೋಟದ್ದೆಂದು ಉಳಿಯುವುದೇನು? ಒಂದೊಂದು ಮನೆಯನ್ನು ಆರಿಸಿ ಪಟ್ಟಿ ಮಾಡುವುದರಿಂದ ಆಗದು. ನಡುವಿನ ಬಯಲು, ದುಂಡು ರಸ್ತೆ, ಬಾವಿ, ಮರ ಎಲ್ಲ ಸೇರಿಸಿ ಇಡೀ ವೃತ್ತವನ್ನೇ ಒಂದು ಸ್ಮಾರಕವೆಂದು ಕಾಯಬೇಕು.

ಹೋದ ಭಾನುವಾರ ಆ ರಸ್ತೆಯಲ್ಲಿ ಒಂದು ಸುತ್ತು ಬಂದೆ. ಕೆಡವಿದ ಮನೆಯೊಂದರ ಹಂಚನ್ನು ಗೇಟಿನ ಬಳಿ ಪೇರಿಸಿಟ್ಟಿದ್ದರು. ಬಾಗಿಲುವಾಡ ಟೆಂಪೋ ಏರುತ್ತಿತ್ತು. ಬಾವಿಯ ಕಲ್ಲುಕಟ್ಟೆಯ ಮೇಲೆ ಹಗ್ಗ ಉಜ್ಜಿ ಬಿದ್ದ ಗೀರುಗಳು ಬೆರಳು ಹುದುಗುವಷ್ಟು ಆಳವಾಗಿದ್ದವು. ಅಷ್ಟು ನೀರು ಸೇದಿದ ಕೈ ಯಾರದು? ಆ ಹೆಸರುಗಳನ್ನು ನಾವು ಯಾರೂ ಕೇಳಿಲ್ಲ. ಈ ಪತ್ರಿಕೆಯೂ ಕೇಳಿರಲಿಲ್ಲ.



ನಲ್ಲೂರಹಳ್ಳಿ, ಪಟ್ಟಂದೂರು, ಕಾಡುಗೋಡಿಯ ಓದುಗರಲ್ಲಿ ಒಂದು ಬೇಡಿಕೆ: ನಿಮ್ಮ ಅಜ್ಜ ಅಜ್ಜಿಯರು ಆ ಹೊಲಗಳಲ್ಲಿ ದುಡಿದಿದ್ದರೆ, ಆ ಬಾವಿಗಳನ್ನು ತೋಡಿದ್ದರೆ, ಮನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ಕಳಿಸಿ. ಮುಂದಿನ ಸಂಚಿಕೆಯ ಮೊದಲ ಪುಟಗಳನ್ನು ನಿಮಗಾಗಿ ಖಾಲಿ ಇಟ್ಟಿದ್ದೇನೆ.